ಬಿತ್ತನೆಯೂ ಅವರದ್ದು, ತಕ್ಕಡಿಯೂ ಅವರದ್ದು

ಆಲೂಗೆಡ್ಡೆ ಬೆಳೆಯುವ ರೈತ ಬಂಧುಗಳೇ,

ಒಂದು ಪ್ರಶ್ನೆ ಕೇಳುತ್ತೇನೆ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ಹೋದ ಮುಂಗಾರಿನಲ್ಲಿ ನೀವು ಬಿತ್ತಿದ ಗೆಡ್ಡೆ ಯಾರ ಮಂಡಿಯಿಂದ ಬಂತು? ಕಿತ್ತ ಮೇಲೆ ಅದನ್ನು ಯಾರ ಮಂಡಿಗೆ ಹಾಕಿದಿರಿ? ಎರಡಕ್ಕೂ ಒಂದೇ ಹೆಸರು ಬಾಯಿಗೆ ಬಂದಿದ್ದರೆ ಈ ಮಾತು ನಿಮಗೇ ಹೇಳಿದ್ದು. ಬೇರೆ ಬೇರೆ ಹೆಸರು ಬಂದಿದ್ದರೆ ನೀವು ಪುಣ್ಯವಂತರು. ಪಕ್ಕದ ಮನೆಯವರಿಗೆ ಓದಿ ಹೇಳಿ.

ನಮ್ಮ ಹೋಬಳಿಯಲ್ಲಿ ಒಂದು ತರಬೇತಿ ಶಿಬಿರ ನಡೆಯಿತು. ಶಾಮಿಯಾನ, ಕುರ್ಚಿ, ಕೇಸರಿಬಾತು ಎಲ್ಲ ಇತ್ತು. ‘ಗೆಡ್ಡೆ ಬೆಳೆಗಳಲ್ಲಿ ಅಧಿಕ ಇಳುವರಿ’ ಎಂದು ಬ್ಯಾನರು ಕಟ್ಟಿದ್ದರು. ಬಂದ ಸಾಹೇಬರು ಕೆಟ್ಟವರೇನಲ್ಲ. ಸಾಲಿನಿಂದ ಸಾಲಿಗೆ ಎಷ್ಟು ಅಂತರ, ಮಣ್ಣು ಏರಿಸುವುದು ಯಾವಾಗ, ಔಷಧಿ ಹೊಡೆಯುವುದು ಎಷ್ಟು ಸಲ, ಎಲ್ಲ ವಿವರಿಸಿದರು. ಕೊನೆಗೆ ಪ್ರಶ್ನೆ ಇದ್ದರೆ ಕೇಳಿ ಅಂದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಎದ್ದು, “ಸ್ವಾಮಿ, ಬೆಳೆಯೋದು ನಮ್ಮಪ್ಪನೇ ಹೇಳಿಕೊಟ್ಟವನೆ. ಮಾರೋದು ಯಾವತ್ತು ಹೇಳಿಕೊಡ್ತೀರಿ?” ಅಂದರು. ಎಲ್ಲರೂ ನಕ್ಕರು. ಸಾಹೇಬರೂ ನಕ್ಕರು. “ಅದು ನಮ್ಮ ಇಲಾಖೆಗೆ ಬರೋದಿಲ್ಲ ಯಜಮಾನ್ರೇ” ಅಂತ ಹೇಳಿ ಜೀಪು ಹತ್ತಿದರು.

ಬಂಧುಗಳೇ, ಅದು ನಗುವ ಮಾತಲ್ಲ. ಗೆಡ್ಡೆ ಬೆಳೆಯುವ ಸಣ್ಣ ರೈತನಿಗೆ ಸಹಾಯ ಮಾಡುತ್ತೇವೆ ಎಂದು ಹೊರಟವರೆಲ್ಲ ನಮ್ಮ ನೂರು ದಿನದ ಬೆಳೆಯ ನಡುವಿನ ಭಾಗವನ್ನು ಮಾತ್ರ ನೋಡುತ್ತಾರೆ. ಬೆಳೆಗೆ ಎರಡು ತುದಿಗಳಿವೆ. ಒಂದು ತುದಿಯಲ್ಲಿ ಬಿತ್ತನೆ, ಇನ್ನೊಂದು ತುದಿಯಲ್ಲಿ ತಕ್ಕಡಿ. ಆ ಎರಡೂ ತುದಿ ಬೇರೆಯವರ ಕೈಯಲ್ಲಿವೆ. ನಡುವೆ ಇರುವ ಬೆವರು ಮಾತ್ರ ನಮ್ಮದು. ಎರಡೂ ತುದಿ ಅವರ ಕೈಯಲ್ಲಿರುವವರೆಗೆ ನೀವು ಎಷ್ಟು ಹೆಚ್ಚು ಬೆಳೆದರೂ ಸಾಲ ಹೆಚ್ಚುತ್ತದೆಯೇ ಹೊರತು ತೀರುವುದಿಲ್ಲ.

ಮೂಟೆಯಲ್ಲಿ ಲೆಕ್ಕ ಹಾಕೋಣ

ರೂಪಾಯಿಯಲ್ಲಿ ಲೆಕ್ಕ ಹಾಕಿದರೆ ವರ್ಷಕ್ಕೊಂದು ದರ, ಊರಿಗೊಂದು ದರ. ಅದಕ್ಕೇ ಮೂಟೆಯಲ್ಲಿ ಲೆಕ್ಕ ಹಾಕೋಣ. ಐವತ್ತು ಕೆ.ಜಿ.ಯ ಮೂಟೆ. ಇದು ನಮ್ಮ ಮನೆಯ ಒಂದು ವರ್ಷದ ಲೆಕ್ಕ. ನೀವು ನಿಮ್ಮದನ್ನು ಹಾಕಿಕೊಳ್ಳಿ.

ಒಂದು ಎಕರೆಗೆ ಬಿತ್ತಿದ್ದು 14 ಮೂಟೆ. ಕಿತ್ತದ್ದು 90 ಮೂಟೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಬಿತ್ತನೆ ಕೊಂಡ ದರ, ಗೆಡ್ಡೆ ಮಾರಿದ ದರದ ಎರಡರಷ್ಟಿತ್ತು. ಅಂದರೆ ಬಿತ್ತನೆ ಸಾಲ ತೀರಿಸಲಿಕ್ಕೆ 28 ಮೂಟೆ ಹೋಯಿತು. ಉಳುಮೆ, ಗೊಬ್ಬರ, ಔಷಧಿಗೆ 25. ಕೂಲಿಗೆ 18. ಲಾರಿ ಬಾಡಿಗೆ, ಹಮಾಲಿ, ಕಮಿಷನ್ನು, ತೂಕದಲ್ಲಿ ಮುರಿದುಕೊಂಡದ್ದು ಸೇರಿ 9. ಒಟ್ಟು 80 ಮೂಟೆ. ಉಳಿದದ್ದು 10. ಆ ಹತ್ತು ಮೂಟೆ ಗಂಡ, ಹೆಂಡತಿ, ಮಗ ಮೂರು ಜನ ನೂರು ದಿನ ದುಡಿದದ್ದಕ್ಕೆ ಸಿಕ್ಕ ಸಂಬಳ. ಅಂಗಮಾರಿ ಬಂದ ವರ್ಷ ಆ ಹತ್ತೂ ಇಲ್ಲ. ಮಂಡಿಯ ಬಾಕಿ ಮುಂದಿನ ವರ್ಷದ ಪುಟಕ್ಕೆ ಹೋಗುತ್ತದೆ.

ರಾಗಿ ಬೆಳೆಯುವಾಗ ಈ ತಾಪತ್ರಯ ಇಲ್ಲ. ಎಕರೆಗೆ ಕೆಲವೇ ಸೇರು ಬಿತ್ತನೆ ಸಾಕು; ಒಂದು ಮೂಟೆ ಎತ್ತಿಟ್ಟರೆ ಅರ್ಧ ಊರಿಗೆ ಬೀಜವಾಗುತ್ತದೆ. ಗೆಡ್ಡೆಯ ಸ್ವಭಾವವೇ ಬೇರೆ. ತಿನ್ನುವ ಗೆಡ್ಡೆಯೇ ಬಿತ್ತುವ ಗೆಡ್ಡೆ. ಎಕರೆಗೆ ಆರರಿಂದ ಎಂಟು ಕ್ವಿಂಟಾಲು ಮಣ್ಣಿಗೆ ಹಾಕಬೇಕು. ಒಂದು ಮೂಟೆಗೆ ಐದೋ ಆರೋ, ದೇವರು ಕಣ್ಣು ಬಿಟ್ಟರೆ ಹತ್ತು ಮೂಟೆ. ಆದ್ದರಿಂದ ಗೆಡ್ಡೆ ಬೆಳೆಯಲ್ಲಿ ಬಿತ್ತನೆಯ ಬೆಲೆಯೇ ಸಾಲದ ಬೇರು. ಈ ಸರಳ ಸಂಗತಿ ಯಾವ ಬ್ಯಾನರಿನ ಮೇಲೂ ಬರೆದಿರುವುದಿಲ್ಲ.

ಜಲಂಧರದಿಂದ ಬರುವ ಮೂಟೆ

ಹಾಸನ ಜಿಲ್ಲೆಯ ಆಲೂಗೆಡ್ಡೆ ಬಿತ್ತನೆ ಪಂಜಾಬಿನ ಜಲಂಧರದಿಂದ ಬರುತ್ತದೆ, ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದಿಂದ. ಅಷ್ಟು ದೂರದಿಂದ ಏಕೆ? ಆಲೂಗೆಡ್ಡೆಗೆ ನಂಜುರೋಗಗಳನ್ನು ತಗುಲಿಸುವುದು ಸಸ್ಯಹೇನು. ಉತ್ತರದ ಬಯಲಿನ ಚಳಿಗಾಲದಲ್ಲಿ ಕೆಲವು ವಾರ ಈ ಹೇನಿನ ಕಾಟ ತೀರಾ ಕಡಿಮೆ. ಆ ಸಮಯದಲ್ಲಿ ಬೆಳೆದು, ಹೇನು ಏರುವ ಮೊದಲೇ ಗಿಡದ ಸೊಪ್ಪು ಕತ್ತರಿಸಿದರೆ ಗೆಡ್ಡೆಗೆ ನಂಜು ಇಳಿಯುವುದಿಲ್ಲ. 1949ರಲ್ಲಿ ಪಾಟ್ನಾದಲ್ಲಿ ಶುರುವಾಗಿ 1956ರಲ್ಲಿ ಶಿಮ್ಲಾಕ್ಕೆ ಹೋದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಈ ಪದ್ಧತಿಯನ್ನು ಬಳಕೆಗೆ ತಂದಿತು. ವಿಜ್ಞಾನ ಸರಿಯಾಗಿಯೇ ಇದೆ. ನಮ್ಮಲ್ಲಿ ಅದೇ ಗೆಡ್ಡೆಯನ್ನು ಎತ್ತಿಟ್ಟು ಎರಡು ಮೂರು ವರ್ಷ ಬಿತ್ತಿದರೆ ನಂಜು ಸೇರಿ ಇಳುವರಿ ಕುಸಿಯುತ್ತದೆ ಎಂಬುದೂ ನಿಜ.

ಆದರೆ ವಿಜ್ಞಾನ ಶಿಮ್ಲಾದಿಂದ ಹೊರಟು ನಮ್ಮ ಮಂಡಿ ತಲುಪುವ ಹೊತ್ತಿಗೆ ಏನಾಗಿರುತ್ತದೆ? ಮೂಟೆಯ ಮೇಲೆ ಯಾವುದೋ ಗುರುತು. ಒಳಗೆ ಯಾವ ಹೊಲದ್ದು, ಎಷ್ಟನೇ ಪೀಳಿಗೆಯದ್ದು ಯಾರಿಗೂ ಗೊತ್ತಿಲ್ಲ. ನನಗೆ ಒಮ್ಮೆ ಕೊಟ್ಟ ಬಿಲ್ಲಿನಲ್ಲಿ ‘ಆಲೂಗೆಡ್ಡೆ’ ಅಂತ ಮಾತ್ರ ಬರೆದಿತ್ತು. ಬಿತ್ತನೆ ಅಂತ ಬರೆಯಿರಿ ಅಂದೆ. “ಬೇಕಾದ್ರೆ ತಗೊಳ್ಳಿ, ಬೇಡವಾದ್ರೆ ಹಿಂದೆ ಸಾಲು ಇದೆ ನೋಡಿ” ಅಂದರು. ಆ ಸಲ ಅರ್ಧಕ್ಕರ್ಧ ಮೊಳೆಯಲಿಲ್ಲ. ಕೇಳಲು ಹೋದರೆ, “ನಾವು ಮಾರಿದ್ದು ಆಲೂಗೆಡ್ಡೆ, ಬೀಜ ಅಂತ ಎಲ್ಲಿ ಬರೆದಿದೆ ತೋರ್ಸಿ” ಅನ್ನುವ ಉತ್ತರ. ಕೊಳ್ಳುವಾಗ ಬೀಜದ ಬೆಲೆ, ಕೆಟ್ಟಾಗ ಪಲ್ಯದ ಗೆಡ್ಡೆ! ಬೀಜಗಳ ಕಾಯ್ದೆ 1966ರಲ್ಲೇ ಬಂದಿದೆ. ಬಿಲ್ಲಿನಲ್ಲಿ ಒಂದು ಪದ ಬಿಟ್ಟರೆ ಸಾಕು, ಆ ಕಾಯ್ದೆ ರೈತನ ಪಾಲಿಗೆ ಇದ್ದೂ ಇಲ್ಲದಂತೆ.

ರೋಗ ಬಂದದ್ದು ಗಿಡಕ್ಕೆ

ಇನ್ನು ಅಂಗಮಾರಿ. ಮೋಡ ಮುಚ್ಚಿ, ಜಿಟಿಜಿಟಿ ಮಳೆ ಹಿಡಿದು, ತಂಪು ಬಿದ್ದರೆ ಸಾಕು, ನಾಲ್ಕೈದು ದಿನದಲ್ಲಿ ಹೊಲ ಸುಟ್ಟಂತಾಗುತ್ತದೆ. ನಾವು ಹೆಚ್ಚಾಗಿ ಬಿತ್ತುವ ಕುಫ್ರಿ ಜ್ಯೋತಿ ತಳಿ ಬಿಡುಗಡೆಯಾದದ್ದು 1968ರಲ್ಲಿ. ಆಗ ಅದಕ್ಕೆ ಅಂಗಮಾರಿಯನ್ನು ತಡೆಯುವ ಶಕ್ತಿ ಇತ್ತು. ರೋಗದ ಜೀವಿ ಬದಲಾಯಿತು. ಆ ಶಕ್ತಿ ಉಳಿಯಲಿಲ್ಲ. ತಳಿ ಬದಲಾಗಲಿಲ್ಲ, ಔಷಧಿಯ ಡಬ್ಬಗಳು ಮಾತ್ರ ಬದಲಾದವು. ಆ ಡಬ್ಬಗಳೂ ಸಾಲದಲ್ಲೇ ಬರುತ್ತವೆ.

ಇದೇ ರೋಗ 1845ರಲ್ಲಿ ಐರ್ಲೆಂಡಿಗೆ ಬಿತ್ತು. ಅಲ್ಲಿನ ಬಡ ಗೇಣಿದಾರನಿಗೆ ಆಲೂಗೆಡ್ಡೆಯೊಂದೇ ಊಟ. ನಾಲ್ಕೈದು ವರ್ಷದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಇನ್ನೂ ಅಷ್ಟೇ ಜನ ದೇಶ ಬಿಟ್ಟರು. ಆದರೆ ಆ ವರ್ಷಗಳಲ್ಲೂ ಅಲ್ಲಿಂದ ಧಾನ್ಯ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿತ್ತು. ಗೇಣಿ ಕಟ್ಟಬೇಕಿತ್ತಲ್ಲ! ರೋಗ ಬಂದದ್ದು ಗಿಡಕ್ಕೆ, ಜನರನ್ನು ಕೊಂದದ್ದು ಗೇಣಿಯ ಲೆಕ್ಕ. ನಮ್ಮಲ್ಲಿ ಹಸಿವಿನ ಸಾವು ಆಗದಿರಬಹುದು. ಆದರೆ ಒಂದು ಕಾಲಕ್ಕೆ ಹತ್ತಾರು ಸಾವಿರ ಹೆಕ್ಟೇರಿನಲ್ಲಿ ಆಲೂಗೆಡ್ಡೆ ಬೆಳೆಯುತ್ತಿದ್ದ ಹಾಸನ ಜಿಲ್ಲೆಯಲ್ಲಿ ಈಗ ಅದರ ಸಣ್ಣ ಪಾಲು ಮಾತ್ರ ಉಳಿದಿದೆ. ಹೊಲಗಳು ಮುಸುಕಿನ ಜೋಳಕ್ಕೆ, ಶುಂಠಿಗೆ ಹೋಗಿವೆ. ಅಂಗಮಾರಿಯಿಂದ ಹೋಯಿತು ಎಂದು ವರದಿ ಬರೆಯುತ್ತಾರೆ. ಬಿತ್ತನೆಯ ಸಾಲ ತೀರದೆ ಬಿಟ್ಟವರೆಷ್ಟು ಎಂದು ಯಾರೂ ಎಣಿಸಲಿಲ್ಲ.

ಬಿಳಿ ಚೀಟಿಯ ರಾಜ್ಯ

ಈಗ ಇನ್ನೊಂದು ತುದಿಗೆ ಬನ್ನಿ. ಎ.ಪಿ.ಎಂ.ಸಿ. ಕಾನೂನು ಏನು ಹೇಳುತ್ತದೆ? ದಲ್ಲಾಳಿಯ ಕಮಿಷನ್ನು ಕೊಳ್ಳುವವನು ಕೊಡಬೇಕು, ಬೆಳೆದವನಿಂದ ಮುರಿಯಕೂಡದು. ನಡೆಯುವುದೇನು? ಬಿಳಿ ಚೀಟಿ. ಅದರಲ್ಲಿ ಅಂಗಡಿಯ ಹೆಸರಿಲ್ಲ, ನಂಬರಿಲ್ಲ, ಸಹಿಯಿಲ್ಲ. ಮೇಲೆ ಮೂಟೆ, ಕೆಳಗೆ ಮೊತ್ತ, ನಡುವೆ ಕಮಿಷನ್ನು, ಹಮಾಲಿ, ಹಳೇ ಬಾಕಿ. ಮೂಟೆಗೆ ಒಂದೆರಡು ಕೆ.ಜಿ. ಮಣ್ಣಿನ ಲೆಕ್ಕ ಅಂತ ಮುರಿತ. ಕೇಳಿದರೆ ಪದ್ಧತಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋಣ?

ಹಾಗಂತ ಸಾಹುಕಾರರನ್ನು ರಾಕ್ಷಸ ಮಾಡಿ ಕೂರಿಸುವುದು ನನ್ನ ಉದ್ದೇಶವಲ್ಲ. ರಾತ್ರಿ ಹತ್ತು ಗಂಟೆಗೆ ಹೆಂಡತಿಗೆ ಹೆರಿಗೆ ನೋವು ಬಂದರೆ ದುಡ್ಡು ಕೊಟ್ಟವರು ಅವರೇ. ಸಹಕಾರ ಸಂಘಗಳಲ್ಲಿ ಐದು ಲಕ್ಷದವರೆಗೆ ಬಡ್ಡಿಯಿಲ್ಲದ ಸಾಲ ಎಂದು ರಾಜ್ಯ ಸರ್ಕಾರ 2023ರಲ್ಲಿ ಹೇಳಿತು. ನಮ್ಮ ಸಂಘದಲ್ಲಿ ಪಹಣಿ, ಜಾಮೀನು, ಹಳೇ ಬಾಕಿಯ ತಕರಾರು ಮುಗಿದು ಹಣ ಕೈಗೆ ಬರುವ ಹೊತ್ತಿಗೆ ಆಲೂಗೆಡ್ಡೆ ಮೊಣಕಾಲುದ್ದ ಬೆಳೆದಿತ್ತು. ಬಿತ್ತನೆಗೆ ಮೇ ತಿಂಗಳಲ್ಲಿ ಹಣ ಬೇಕು. ಜುಲೈಯಲ್ಲಿ ಬಂದ ಬಡ್ಡಿಯಿಲ್ಲದ ಸಾಲಕ್ಕಿಂತ ಮೇಯಲ್ಲಿ ಸಿಕ್ಕ ಬಡ್ಡಿ ಸಾಲವೇ ಗತಿ. ಇದನ್ನು ತಿಳಿದೇ ಮಂಡಿಯವರು ಕೊಡುತ್ತಾರೆ. ಅವರಿಗೆ ಬಡ್ಡಿಗಿಂತ ದೊಡ್ಡ ಲಾಭ ಬೇರೆ ಇದೆ: ಕಿತ್ತ ಗೆಡ್ಡೆ ಅವರ ಅಂಗಡಿಗೇ ಬರಬೇಕು, ಅವರು ಹೇಳಿದ ದಿನವೇ ಬರಬೇಕು. ಸಾಲದ ನಿಜವಾದ ಬಡ್ಡಿ ಅದು.

ಪಟ್ಟಣದಲ್ಲಿ ಕೊಳ್ಳುವವರು ಕಡಿಮೆ ಕೊಡುತ್ತಾರೆಯೇ? ರಿಸರ್ವ್ ಬ್ಯಾಂಕಿನ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2024ರಲ್ಲಿ ಹೊರಬಂತು. ಗ್ರಾಹಕ ಆಲೂಗೆಡ್ಡೆಗೆ ನೂರು ರೂಪಾಯಿ ಕೊಟ್ಟರೆ ರೈತನಿಗೆ ಸೇರುವುದು ಸುಮಾರು 37 ರೂಪಾಯಿ. ಈರುಳ್ಳಿಯಲ್ಲಿ 36, ಟೊಮೆಟೊದಲ್ಲಿ 33. ಆ 37ರಲ್ಲೇ ಬಿತ್ತನೆ, ಔಷಧಿ, ಕೂಲಿ, ನಮ್ಮ ಬೆವರು ಎಲ್ಲ. ಉಳಿದ 63 ಯಾವ ಹೊಲದಲ್ಲಿ ಬೆಳೆಯಿತು ಸ್ವಾಮಿ?

ಪಟ್ಟಿಯಲ್ಲಿ ನಾವಿಲ್ಲ

ಕೇಂದ್ರ ಸರ್ಕಾರ 22 ಬೆಳೆಗಳಿಗೆ ಬೆಂಬಲ ಬೆಲೆ ಸಾರುತ್ತದೆ. ಒಂದು ಗೆಡ್ಡೆಯೂ ಆ ಪಟ್ಟಿಯಲ್ಲಿಲ್ಲ. ಹಾಸನದ ಆಲೂ ಇಲ್ಲ, ಬೆಳಗಾವಿ ಕಡೆಯ ಗೆಣಸು ಇಲ್ಲ, ಕೋಲಾರ ಕಡೆಯ ಕ್ಯಾರೆಟ್ಟು, ಬೀಟ್‌ರೂಟು ಇಲ್ಲ. ಕೊಳೆಯುವ ಮಾಲಿಗೆ ಬೆಂಬಲ ಬೆಲೆ ಹೇಗೆ ಕೊಡುವುದು ಎನ್ನುತ್ತಾರೆ. ಅದರ ಬದಲು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆ ಇದೆ. ಹಿಂದಿನ ಸಾಧಾರಣ ವರ್ಷಕ್ಕಿಂತ ಬೆಲೆ ಕನಿಷ್ಠ ಶೇ. 10 ಬೀಳಬೇಕು, ರಾಜ್ಯ ಕೇಳಬೇಕು, ಕೇಂದ್ರ ಒಪ್ಪಬೇಕು. ಕಾಗದ ಬೆಂಗಳೂರಿನಿಂದ ದೆಹಲಿಗೆ ಹೋಗಿ ಬರುವಷ್ಟರಲ್ಲಿ ಮಳೆಗಾಲದ ನಮ್ಮ ಹಸಿ ಗೆಡ್ಡೆ ನೀರಾಗಿರುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. 2018ರ ಬಜೆಟ್ಟಿನಲ್ಲಿ ಟೊಮೆಟೊ, ಈರುಳ್ಳಿ, ಆಲೂಗೆಡ್ಡೆ ಮೂರಕ್ಕೂ ಸೇರಿಸಿ ಇಡೀ ದೇಶಕ್ಕೆ 500 ಕೋಟಿ ಎಂದರು. ನಿಮ್ಮ ಊರಿಗೆ ಎಷ್ಟು ಬಂತು, ನೀವೇ ಹೇಳಿ.

ಆಗದ ಕೆಲಸವೇ ಇದು? ಪಕ್ಕದ ಕೇರಳ 2020ರ ನವೆಂಬರ್ 1ರಿಂದ 16 ಹಣ್ಣು ತರಕಾರಿಗಳಿಗೆ ತಳಬೆಲೆ ಕಟ್ಟಿತು. ಉತ್ಪಾದನಾ ವೆಚ್ಚದ ಮೇಲೆ ಶೇ. 20 ಸೇರಿಸಿ ಲೆಕ್ಕ ಮಾಡಿತು. ಕೆ.ಜಿ.ಗೆ ಮರಗೆಣಸು 12 ರೂಪಾಯಿ, ಆಲೂಗೆಡ್ಡೆ 20, ಕ್ಯಾರೆಟ್ಟು 21, ಬೀಟ್‌ರೂಟು 21. ಅದರ ಜಾರಿಯಲ್ಲಿ ಕುಂದು ಕೊರತೆ ಇರಬಹುದು. ಆದರೆ ಕೊಳೆಯುವ ಮಾಲಿಗೂ ಬೆಲೆ ಕಟ್ಟಬಹುದು ಎಂದು ಒಂದು ಸರ್ಕಾರ ಕಾಗದದ ಮೇಲೆ ಬರೆದುಕೊಟ್ಟಿತಲ್ಲ, ಅಷ್ಟನ್ನು ಹಿಡಿದುಕೊಳ್ಳಿ. ನಮ್ಮವರು ಇನ್ನು ‘ಸಾಧ್ಯವಿಲ್ಲ’ ಎನ್ನುವಂತಿಲ್ಲ, ‘ಮನಸ್ಸಿಲ್ಲ’ ಎನ್ನಬೇಕು.

ಸೇಲಂನ ಪಾಠ, ಗುಜರಾತಿನ ಎಚ್ಚರಿಕೆ

ತಮಿಳುನಾಡಿನ ಸೇಲಂ, ನಾಮಕ್ಕಲ್ ಕಡೆ ಮರಗೆಣಸು ಬೆಳೆಯುತ್ತಾರೆ. ಅದರಿಂದ ಸಬ್ಬಕ್ಕಿ, ಗಂಜಿಪುಡಿ ಆಗುತ್ತದೆ. ಮರಗೆಣಸು ಕಿತ್ತರೆ ಎರಡು ಮೂರು ದಿನದಲ್ಲಿ ಗಿರಣಿ ಸೇರಬೇಕು, ಇಲ್ಲವಾದರೆ ಕೆಡುತ್ತದೆ. ಹಿಂದೆ ಅಲ್ಲಿನ ಗಿರಣಿ ಮಾಲೀಕರನ್ನು ದೊಡ್ಡ ವ್ಯಾಪಾರಿಗಳು ಆಟ ಆಡಿಸುತ್ತಿದ್ದರು. ಮಾಲೀಕರು ಏನು ಮಾಡಿದರು ಗೊತ್ತೇ? 1981ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ಮಾಲನ್ನು ಸಂಘದ ಗೋದಾಮಿನಲ್ಲಿ ಇಡುವುದು, ಅದರ ಮೇಲೆ ಮುಂಗಡ ತೆಗೆಯುವುದು, ಟೆಂಡರ್ ಕರೆದು ಮಾರುವುದು. ಸೇಲಂ ಸಬ್ಬಕ್ಕಿಗೆ ಹೆಸರು ಬಂದದ್ದು ಹಾಗೆ. ಗಿರಣಿ ಇಟ್ಟವನಿಗೇ ಸಂಘ ಬೇಕಾಯಿತು! ಗೆಣಸು ಕಿತ್ತವನು ಮಾತ್ರ ಇವತ್ತಿಗೂ ಒಬ್ಬೊಬ್ಬನೇ ಗಿರಣಿ ಬಾಗಿಲಿಗೆ ಹೋಗುತ್ತಾನೆ. ಗೆಣಸಿನಲ್ಲಿ ಹಿಟ್ಟಿನ ಅಂಶ ಎಷ್ಟು ‘ಪಾಯಿಂಟ್’ ಎಂದು ಗಿರಣಿಯವನೇ ಅಳೆಯುತ್ತಾನೆ, ಅದರ ಮೇಲೆ ಬೆಲೆ. ಅಳೆಯುವ ಯಂತ್ರ ಯಾರದೋ ಬೆಲೆಯೂ ಅವರದೇ.

“ಹಾಗಾದ್ರೆ ಕಂಪನಿ ಜೊತೆ ಒಪ್ಪಂದ ಮಾಡ್ಕೊಳ್ಳೋಣ, ಬಿತ್ತನೆ ಅವರೇ ಕೊಡ್ತಾರೆ, ಅವರೇ ಕೊಳ್ತಾರೆ” ಅನ್ನುವವರಿದ್ದಾರೆ. ನಿಗದಿ ಬೆಲೆ ಸಿಗುತ್ತದೆ, ಸುಳ್ಳಲ್ಲ. ಆದರೆ ಗುಜರಾತಿನ ಕಥೆ ಕೇಳಿ. 2019ರಲ್ಲಿ ಪೆಪ್ಸಿಕೋ ಕಂಪನಿ ತನ್ನ ಚಿಪ್ಸಿನ ಆಲೂ ತಳಿಯನ್ನು ಅನುಮತಿ ಇಲ್ಲದೆ ಬೆಳೆದರೆಂದು ಸಾಬರಕಾಂಠಾ ಜಿಲ್ಲೆಯ ನಾಲ್ವರು ರೈತರ ಮೇಲೆ ತಲಾ ಒಂದು ಕೋಟಿ ರೂಪಾಯಿಗೂ ಹೆಚ್ಚಿನ ದಾವೆ ಹೂಡಿತು. ದೇಶದ ರೈತರು ಎದ್ದರು. ಮೇ ತಿಂಗಳಲ್ಲಿ ಕಂಪನಿ ದಾವೆ ಹಿಂತೆಗೆದುಕೊಂಡಿತು. 2021ರ ಡಿಸೆಂಬರಿನಲ್ಲಿ ಆ ತಳಿಯ ನೋಂದಣಿಯೇ ರದ್ದಾಯಿತು. ಆದರೆ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಕಂಪನಿಯ ಪರ ತೀರ್ಪು ಕೊಟ್ಟಿತು. ನೆನಪಿಡಿ: 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಸೆಕ್ಷನ್ನಿನಲ್ಲಿ ರೈತ ತಾನು ಬೆಳೆದ ಬಿತ್ತನೆಯನ್ನು ಇಟ್ಟುಕೊಳ್ಳಬಹುದು, ಬಿತ್ತಬಹುದು, ಬದಲಾಯಿಸಿಕೊಳ್ಳಬಹುದು, ಬ್ರಾಂಡಿನ ಹೆಸರು ಹಾಕದೆ ಮಾರಲೂಬಹುದು ಎಂದಿದೆ. ಹಕ್ಕು ಇದೆ. ಕೈಯಲ್ಲಿ ಬಿತ್ತನೆ ಇಲ್ಲದವನಿಗೆ ಬಿತ್ತನೆಯ ಹಕ್ಕು ಏತಕ್ಕೆ?

ನಮ್ಮ ತಪ್ಪೂ ಇದೆ

ಬರೀ ಬೇರೆಯವರನ್ನು ಬೈದರೆ ಆಗಲಿಲ್ಲ. ಒಂದು ವರ್ಷ ಬೆಲೆ ಬಂದರೆ ಮರುವರ್ಷ ಊರಿಗೆ ಊರೇ ಅದನ್ನೇ ಬಿತ್ತುವವರು ಯಾರು? ನಾವು. ಕೊಯ್ದ ಗೆಡ್ಡೆ, ಹಸಿರು ಗೆಡ್ಡೆ, ಗೋಲಿ ಗಾತ್ರದ್ದು ಎಲ್ಲವನ್ನೂ ಮೂಟೆಯ ತಳಕ್ಕೆ ತುಂಬಿ ಮೇಲೆ ಒಳ್ಳೆಯದು ಇಡುವವರು ಯಾರು? ನಾವು. ಅದಕ್ಕೇ ಅವರು ಎಲ್ಲಾ ಮೂಟೆಗೂ ಮುರಿತ ಹಾಕುತ್ತಾರೆ. ಪ್ರಾಮಾಣಿಕನಿಗೂ ಅದೇ ಬರೆ. ಪಕ್ಕದ ಮನೆಯವನು ಎಷ್ಟಕ್ಕೆ ಮಾರಿದ ಎಂದು ಕೇಳಿದರೆ ಸುಳ್ಳು ಹೇಳುವವರು ಯಾರು? ಅದೂ ನಾವೇ. ಮಂಡಿಯ ಬಲ ಅರ್ಧ ಅವರ ಹಣದಲ್ಲಿದೆ, ಇನ್ನರ್ಧ ನಮ್ಮ ಈ ಗುಟ್ಟಿನಲ್ಲಿದೆ.

ಹಾಗಾದರೆ ಮಾಡುವುದೇನು?

ಮೊದಲನೆಯದು, ಬಿತ್ತನೆ. ಜಲಂಧರದ ದಾರಿ ಒಂದೇ ಅಲ್ಲ ಎಂದು ಈಗ ಹಾಸನದಲ್ಲೇ ತೋರಿಸಿದ್ದಾರೆ. ಲಿಮಾದ ಅಂತರರಾಷ್ಟ್ರೀಯ ಆಲೂಗೆಡ್ಡೆ ಕೇಂದ್ರ ಮತ್ತು ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಸೇರಿ ಕುಡಿಸಸಿ ಪದ್ಧತಿ ತಂದಿದ್ದಾರೆ. ರೋಗವಿಲ್ಲದ ತಾಯಿಗಿಡದ ಕುಡಿ ಕತ್ತರಿಸಿ, ಟ್ರೇಗಳಲ್ಲಿ ಬೇರು ಬರಿಸಿ, ಟೊಮೆಟೊ ಸಸಿಯಂತೆ ನೆಡುವುದು. ಅದರಿಂದ ಬಂದ ಗೆಡ್ಡೆಯೇ ಮುಂದಿನ ಬಿತ್ತನೆ. ನರ್ಸರಿ ನಡೆಸಲು ಗೊತ್ತಿರುವ ಹುಡುಗರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಪ್ರತಿಯೊಬ್ಬರೂ ನೆಡಬೇಕಿಲ್ಲ, ಊರಿಗೆ ನಾಲ್ಕು ಮನೆಯವರು ಬಿತ್ತನೆಗೆಂದೇ ಬೆಳೆದು, ಊರಿನವರು ಅವರಿಂದ ಕೊಂಡರೆ ಸಾಕು. ಮೇಲೆ ಹೇಳಿದ ಲೆಕ್ಕದಲ್ಲಿ 28 ಮೂಟೆಯ ಜಾಗದಲ್ಲಿ 18 ಎಂದಿಟ್ಟುಕೊಳ್ಳಿ. ಉಳಿಯುವುದು 10 ಅಲ್ಲ, 20. ಇಳುವರಿ ಒಂದು ಗೆಡ್ಡೆಯೂ ಹೆಚ್ಚದೆ ಸಂಪಾದನೆ ಎರಡರಷ್ಟು. ಜೋಯಿಡಾದ ಕುಣಬಿ ಜನ ಕಾಡಂಚಿನ ಹಿತ್ತಲಲ್ಲಿ ಬಗೆಬಗೆಯ ಗೆಡ್ಡೆ ಗೆಣಸಿನ ಬಿತ್ತನೆಯನ್ನು ತಲೆಮಾರಿನಿಂದ ತಾವೇ ಕಾಯ್ದುಕೊಂಡು, ವರ್ಷಕ್ಕೊಮ್ಮೆ ಗೆಡ್ಡೆ ಮೇಳ ಮಾಡುತ್ತಾರೆ. ಅವರಿಗೆ ಆದದ್ದು ನಮಗೇಕೆ ಆಗಬಾರದು?

ಎರಡನೆಯದು, ಬಿಲ್ಲು. ಮಂಡಿಯಿಂದ ಕೊಂಡರೂ ‘ಬಿತ್ತನೆ’ ಎಂಬ ಪದ, ತಳಿ, ಬಂದ ಊರು ಬರೆಸದೆ ಮೂಟೆ ಎತ್ತಬೇಡಿ. ಒಬ್ಬನೇ ಕೇಳಿದರೆ ಹಿಂದಿನ ಸಾಲು ತೋರಿಸುತ್ತಾರೆ. ಸಾಲಿನಲ್ಲಿ ನಿಂತ ಎಲ್ಲರೂ ಅದನ್ನೇ ಕೇಳಿದರೆ ಯಾರನ್ನು ತೋರಿಸುತ್ತಾರೆ?

ಮೂರನೆಯದು, ತಕ್ಕಡಿ. ಹತ್ತು ಮನೆಯವರು ಒಂದೇ ದಿನ ಒಂದೇ ಲಾರಿಯಲ್ಲಿ ಹೋಗಿ. ಊರಲ್ಲೇ ದಪ್ಪ, ಮಧ್ಯಮ, ಸಣ್ಣ ಎಂದು ಮೂರು ಮಾಡಿ, ಊರಲ್ಲೇ ತೂಕ ಮಾಡಿ ಬರೆದುಕೊಳ್ಳಿ. ಬಿಳಿ ಚೀಟಿ ಮುಟ್ಟಬೇಡಿ, ಕೊಟ್ಟರೆ ಎ.ಪಿ.ಎಂ.ಸಿ. ಕಾರ್ಯದರ್ಶಿಯ ಮೇಜಿನ ಮೇಲೆ ಇಟ್ಟು ರಸೀತಿ ಕೇಳಿ.

ನಾಲ್ಕನೆಯದು ಸರ್ಕಾರಕ್ಕೆ. ಗೆಡ್ಡೆ ಬೆಳೆಗಳಿಗೆ ತಳಬೆಲೆ ಕಟ್ಟಿ, ಅದನ್ನು ಕೀಳುವಾಗ ಅಲ್ಲ, ಬಿತ್ತುವ ಮೊದಲೇ ಸಾರಬೇಕು. ಸಹಕಾರ ಸಂಘದ ಸಾಲ ಏಪ್ರಿಲ್ ಕೊನೆಯೊಳಗೆ ಕೈ ಸೇರಬೇಕು. ಊರಿನ ಬಿತ್ತನೆ ಇಡಲು ಕೋಲ್ಡ್ ಸ್ಟೋರೇಜಿನಲ್ಲಿ ರೈತ ಸಂಘಗಳಿಗೆ ಜಾಗ ಮೀಸಲಿಡಬೇಕು. ತರಬೇತಿಯ ಶಾಮಿಯಾನ ಬೇಡ ಎನ್ನುವುದಿಲ್ಲ. ಅದರ ಪಕ್ಕದಲ್ಲಿ ಒಂದು ಸರಿಯಾದ ತಕ್ಕಡಿಯೂ ಇರಲಿ.

ಬಂಧುಗಳೇ, ಇದನ್ನು ಓದಿ ಮಡಚಿಡಬೇಡಿ. ಈ ವಾರ ಅರಳಿಕಟ್ಟೆಯಲ್ಲಿ ಹತ್ತು ಜನ ಕೂತು, ಮಂಡಿಯಲ್ಲಿ ನಿಮ್ಮ ನಿಮ್ಮ ಬಾಕಿ ಎಷ್ಟಿದೆ ಎಂದು ಒಬ್ಬರಿಗೊಬ್ಬರು ನಿಜ ಹೇಳಿಕೊಳ್ಳಿ. ನಾಚಿಕೆ ಬೇಡ, ಎಲ್ಲರಿಗೂ ಇದೆ. ಬಾಕಿ ಹಾಳೆಯ ಮೇಲೆ ಬರೆದು ಕೂಡಿಸಿ. ಒಟ್ಟು ಮೊತ್ತ ನೋಡಿದಾಗ, ಅಷ್ಟು ಹಣ ವರ್ಷವರ್ಷ ಹೊರಗೆ ಹೋಗುವ ಊರಿಗೆ ಒಂದು ನರ್ಸರಿ, ಒಂದು ತಕ್ಕಡಿ ದುಬಾರಿಯೇ ಎಂದು ನಿಮಗೇ ಗೊತ್ತಾಗುತ್ತದೆ. ಬಿತ್ತನೆ ಲಾರಿಗಳು ಬೇಸಿಗೆಯಲ್ಲಿ ಮತ್ತೆ ಬರುತ್ತವೆ. ಅವು ಬರುವ ಮುಂಚೆ ಕೂರಿ.